ಇಡಗುಂದಿಯ ಅಂಗಳಕ್ಕೆ ಆಕ್ಟೇವಿಯಾ ಬಂದೀತೇ?

ಹತ್ತು ವರ್ಷದ ಹಿಂದೆ ಶೋರೂಮಿನಲ್ಲಿ ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿದ್ದ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ ಈಗ ಹೊಸ ಸಣ್ಣ ಕಾರಿನ ದುಡ್ಡಿಗೆ ಸಿಗುತ್ತದೆ. 180 ಪಿಎಸ್ ಶಕ್ತಿ, ಅಗಲ ಸೀಟು, ನಾಲ್ಕು ಅಡಿಕೆ ಚೀಲ ಹಿಡಿಸುವಂಥ ಡಿಕ್ಕಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನೋ ಮಗಳೋ ಫೋನಿನಲ್ಲಿ ಫೋಟೊ ಕಳಿಸುತ್ತಾರೆ. ಯಲ್ಲಾಪುರ ಕಡೆಯ ಮನೆಯಲ್ಲಿ ಅದಕ್ಕೆ ಬರುವ ಮೊದಲ ಪ್ರಶ್ನೆ: "ಮನೆ ತನಕ ಬತ್ತಾ?" ಹಿರಿಯರಿಗೆ ಹೊಸದರ ಬಗ್ಗೆ ಇರುವ ಅನುಮಾನ ಎಂದು ಇದನ್ನು ತಳ್ಳಿಹಾಕಬೇಡಿ. ಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನದ ಅರ್ಧ ಈ ಪ್ರಶ್ನೆಯಲ್ಲೇ ಇದೆ. ಉಳಿದರ್ಧ, ಕಾರು ಯಾಕೆ ಇಷ್ಟು ಅಗ್ಗಕ್ಕೆ ಸಿಗುತ್ತಿದೆ ಎಂಬುದರಲ್ಲಿದೆ.

ಅದನ್ನೇ ಮೊದಲು ನೋಡೋಣ. ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಎಂಟು ಲಕ್ಷಕ್ಕೆ ತಂದ ಆಕ್ಟೇವಿಯಾಕ್ಕೆ ಸಸ್ಪೆನ್ಷನ್ ಆರ್ಮ್ ಬೇಕಾದರೆ ನೀವು ಕೊಡುವುದು ಇಪ್ಪತ್ತು ಲಕ್ಷದ ಕಾರಿನ ಆರ್ಮ್‌ನ ಬೆಲೆ. ನಲವತ್ತು ಲಕ್ಷದ ಬಿಎಂಡಬ್ಲ್ಯೂ ಇಂದು ಹನ್ನೆರಡು ಲಕ್ಷಕ್ಕೆ ಸಿಕ್ಕರೂ ಅದರ ಹೆಡ್‌ಲೈಟು ನಲವತ್ತು ಲಕ್ಷದ ಕಾರಿನದ್ದೇ. ಮೊದಲ ಯಜಮಾನ ವಾರಂಟಿ ಇರುವಷ್ಟು ದಿನ ಓಡಿಸಿ, ದೊಡ್ಡ ಖರ್ಚು ಹತ್ತಿರ ಬರುವ ಹೊತ್ತಿಗೆ ಮಾರುತ್ತಾನೆ. ಅದರಲ್ಲಿ ಮೋಸವೇನೂ ಇಲ್ಲ, ಅವನ ಲೆಕ್ಕ ಅವನಿಗೆ ಸರಿ. ನಿಮ್ಮ ಲೆಕ್ಕವನ್ನು ನೀವು ಹಾಕಿಕೊಳ್ಳಬೇಕು: ಖರೀದಿ ಬೆಲೆಯ ಐದರಲ್ಲಿ ಒಂದು ಪಾಲು ಮೊದಲ ವರ್ಷದ ದುರಸ್ತಿಗೆಂದು ಬ್ಯಾಂಕಿನಲ್ಲಿ ಬೇರೆಯಾಗಿ ಇರಬೇಕು. ಎಂಟು ಲಕ್ಷದ ಕಾರಿಗೆ ಇನ್ನೂ ಒಂದು ಲಕ್ಷದ ಅರವತ್ತು ಸಾವಿರ. ಅಷ್ಟು ಎತ್ತಿಡಲು ಆಗದಿದ್ದರೆ ಆರೂವರೆ ಲಕ್ಷದ ಕಾರು ನೋಡಿ. ಇದ್ದ ದುಡ್ಡನ್ನೆಲ್ಲ ಕಾರಿಗೇ ಸುರಿದವರು ಮುಂದಿನ ಅಡಿಕೆ ಮಾರುವ ತನಕ ಅದನ್ನು ಕೊಟ್ಟಿಗೆಯ ಪಕ್ಕ ನಿಲ್ಲಿಸಬೇಕಾಗುತ್ತದೆ.

ಈಗ ಮನೆಯ ದಾರಿ. ಇಡಗುಂದಿ ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಗೆ ಅಂಟಿಕೊಂಡ ಊರು, ಅರಬೈಲ್ ಘಟ್ಟಕ್ಕೆ ಹತ್ತಿರ. ಹೆದ್ದಾರಿಯಲ್ಲಿ ಯಾವ ಕಾರಾದರೂ ಓಡುತ್ತದೆ. ಕಷ್ಟ ಶುರುವಾಗುವುದು ಹೆದ್ದಾರಿ ಬಿಟ್ಟು ತೋಟದ ಮನೆಗೆ ತಿರುಗುವಲ್ಲಿ. ನೀರು ಹೋಗಲೆಂದು ಅಡ್ಡ ಹಾಕಿದ ಸಿಮೆಂಟ್ ಪೈಪು, ಅದರ ಮೇಲೆ ಮಣ್ಣು ಪೇರಿಸಿದ ಉಬ್ಬು, ಆಮೇಲೆ ಇಳಿಜಾರು, ನಡುವೆ ಮಳೆ ಕೊರೆದ ಕೊರಕಲು. ಉದ್ದನೆಯ ಸೆಡಾನಿನ ಹೊಟ್ಟೆ ತಾಗುವುದು ಆ ಉಬ್ಬಿನ ನೆತ್ತಿಗೆ. ತಾಗುತ್ತದೋ ಇಲ್ಲವೋ ಎಂದು ಕಾರು ತರುವ ಮೊದಲೇ ತಿಳಿಯಬಹುದು.

ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಎರಡರಲ್ಲೂ ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ಅಂತರ 2,651 ಮಿಲಿಮೀಟರ್, ಅಂದರೆ ಎಂಟು ಅಡಿ ಎಂಟು ಇಂಚಿನಷ್ಟು. ಆಕ್ಟೇವಿಯಾದ್ದು ಅದಕ್ಕಿಂತ ಒಂದೆರಡು ಇಂಚು ಹೆಚ್ಚು. ಬಾಗದ ಬಿದಿರನ್ನೋ ನೆಟ್ಟಗಿನ ಅಡಿಕೆ ದಬ್ಬೆಯನ್ನೋ ಅಷ್ಟೇ ಉದ್ದಕ್ಕೆ ಕತ್ತರಿಸಿ. ದಾರಿಯಲ್ಲಿ ಅತಿ ಕೆಟ್ಟ ಉಬ್ಬು ಎಲ್ಲಿದೆಯೋ ಅದರ ನೆತ್ತಿಯ ಮೇಲೆ ದಾರಿಯ ಉದ್ದಕ್ಕೆ ಇಡಿ. ಎರಡೂ ತುದಿ ನೆಲದಿಂದ ಸಮನಾಗಿ ಮೇಲಿರುವಂತೆ ಹಿಡಿದು, ತುದಿಯಿಂದ ನೆಲಕ್ಕೆ ಎಷ್ಟು ಅಂತರ ಎಂದು ಟೇಪಿನಲ್ಲಿ ಅಳೆಯಿರಿ. ಆ ಅಂತರ ಕಾರಿನ ಗ್ರೌಂಡ್ ಕ್ಲಿಯರೆನ್ಸ್‌ಗಿಂತ ಹೆಚ್ಚಿದ್ದರೆ ಹೊಟ್ಟೆ ತಾಗಿಯೇ ತಾಗುತ್ತದೆ. ಸ್ಲಾವಿಯಾ, ವರ್ಟಸ್‌ಗೆ ಕಂಪನಿ ಹೇಳುವುದು 179 ಮಿ.ಮೀ., ಆದರೆ ಅದು ಖಾಲಿ ಕಾರಿನ ಲೆಕ್ಕ. ಐದು ಜನ ಕೂತು ಡಿಕ್ಕಿಯಲ್ಲಿ ಎರಡು ಚೀಲ ಇಟ್ಟರೆ ಒಂದು ಇಂಚಿಗೂ ಹೆಚ್ಚು ಕೆಳಗಿಳಿಯುತ್ತದೆ. ಹಾಗಾಗಿ ತುದಿಯಲ್ಲಿ ಐದು ಇಂಚಿನ ಒಳಗೆ ಬಂದರೆ ಧೈರ್ಯ ಮಾಡಬಹುದು, ಮೀರಿದರೆ ಮೊದಲು ಉಬ್ಬನ್ನು ತಗ್ಗಿಸಬೇಕು. ಆಕ್ಟೇವಿಯಾ ಆರ್‌ಎಸ್‌ನಂಥ ಸ್ಪೋರ್ಟ್ಸ್ ಮಾದರಿಗಳು ಹುಟ್ಟುವಾಗಲೇ ನೆಲಕ್ಕೆ ಇನ್ನಷ್ಟು ಹತ್ತಿರ. ಉಬ್ಬು ತಗ್ಗಿಸಲು ಒಂದು ಲೋಡು ಜಲ್ಲಿ ಸಾಕಾಗುವಲ್ಲಿ ಕಾರಿನ ಆಸೆ ಬಿಡಬೇಕಿಲ್ಲ. ದಾರಿ ನಾಲ್ಕು ಮನೆಯವರಿಗೆ ಸೇರಿದ್ದಾದರೆ ಅವರ ಒಪ್ಪಿಗೆಯನ್ನು ಮೊದಲೇ ಕೇಳಿಬಿಡಿ.

ಟೈರಿನ ಬದಿಯಲ್ಲಿರುವ ಅಂಕಿಗಳನ್ನೂ ಓದಿ. 205/55 ಆರ್ 16 ಎಂದಿದ್ದರೆ ಟೈರಿನ ಗೋಡೆಯ ಎತ್ತರ 205ರ ಶೇ 55, ಅಂದರೆ 113 ಮಿ.ಮೀ. 225/40 ಆರ್ 18 ಎಂದಿದ್ದರೆ ಬರೀ 90 ಮಿ.ಮೀ. ಈ ತೆಳು ಗೋಡೆಯ ಟೈರು ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ನಿಜ, ಆದರೆ ಮಳೆಗಾಲದ ಹೊಂಡಕ್ಕೆ ಬಿದ್ದಾಗ ಪೆಟ್ಟು ನೇರ ರಿಮ್ಮಿಗೆ. ಬಿಎಂಡಬ್ಲ್ಯೂಗಳಲ್ಲಿ ಸಾಮಾನ್ಯವಾದ ರನ್-ಫ್ಲ್ಯಾಟ್ ಟೈರು ಗಾಳಿ ಹೋದ ಮೇಲೂ ಸುಮಾರು 80 ಕಿ.ಮೀ. ಓಡುತ್ತದೆ. ಆದರೆ ಅದನ್ನು ಬಿಚ್ಚಿ ಹಾಕುವ ಮಿಷನ್ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯಲ್ಲಿ ಇರುವುದು ಕಷ್ಟ. ಅನೇಕ ಮಾದರಿಗಳಲ್ಲಿ ಸ್ಟೆಪ್ನಿಯೂ ಇರುವುದಿಲ್ಲ.

ಹಾಗಾದರೆ ಇಂಥ ಕಾರಿನಿಂದ ಈ ಕಡೆಯವರಿಗೆ ಲಾಭವೇ ಇಲ್ಲವೇ? ಇದೆ, ಚೆನ್ನಾಗಿಯೇ ಇದೆ. ಅರಬೈಲ್ ಘಟ್ಟದ ದಾರಿ ಬಹಳ ಹಿಂದಿನಿಂದ ಲಾರಿಗಳ ದಾರಿ. 2009–10ರ ಸುಮಾರಿಗೆ ಬಳ್ಳಾರಿಯ ಅದಿರು ಬೇಲೇಕೇರಿ ಬಂದರಿಗೆ ಇಳಿದದ್ದು ಇಲ್ಲಿಂದಲೇ. ಇಂದಿಗೂ ಏರಿನಲ್ಲಿ ಲಾರಿಯ ಹಿಂದೆ ಸಿಕ್ಕಿಬಿದ್ದರೆ ಮುಂದೆ ದಾರಿ ಕಾಣುವ ಜಾಗ ಸಿಗುವುದು ಅಪರೂಪ. ಸಿಕ್ಕ ಆ ಚಿಕ್ಕ ಜಾಗದಲ್ಲಿ ಬೇಗ ಮುಂದೆ ಹೋಗಿ ಎಡಕ್ಕೆ ಸೇರಿಕೊಳ್ಳಬಲ್ಲ ಕಾರು ಸುರಕ್ಷಿತ. ಟರ್ಬೊ ಎಂಜಿನ್ನಿನ ಗುಣ ಇಲ್ಲಿ ಗೊತ್ತಾಗುತ್ತದೆ. ಸಾಮಾನ್ಯ ಪೆಟ್ರೋಲ್ ಎಂಜಿನ್ ನಾಲ್ಕು ಸಾವಿರ ಸುತ್ತಿನ ಆಚೆ ಕೊಡುವ ಎಳೆತವನ್ನು ಟರ್ಬೊ ಒಂದೂವರೆ–ಎರಡು ಸಾವಿರದಲ್ಲೇ ಕೊಡುತ್ತದೆ, ಯಾಕೆಂದರೆ ಹೊರಹೋಗುವ ಹೊಗೆಯ ಒತ್ತಡದಿಂದಲೇ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಏರಿನಲ್ಲಿ ಮೂರನೇ ಗೇರಿನಲ್ಲೇ ಪಿಕಪ್ ಬರುತ್ತದೆ. ಶಕ್ತಿ ಬೇಕಿರುವುದು ಇಷ್ಟಕ್ಕೇ. ಗಂಟೆಗೆ 200 ಕಿ.ಮೀ. ದಾಟುವ ಕಾರನ್ನು ಆ ವೇಗದಲ್ಲಿ ಓಡಿಸುವ ಜಾಗ ನಮ್ಮ ಕಡೆ ಎಲ್ಲೂ ಇಲ್ಲ, ಇರಬಾರದೂ ಕೂಡ.

ಇಳಿಯುವಾಗ ಎಂಜಿನ್ನಿಗಿಂತ ಬ್ರೇಕು ಮುಖ್ಯ. ಚಕ್ರದ ಸಂದಿಯಿಂದ ಡಿಸ್ಕಿನ ಅಂಚಿಗೆ ಬೆರಳು ತಾಗಿಸಿ; ತಣ್ಣಗಿದ್ದಾಗ ಮಾತ್ರ. ಅಂಚಿನಲ್ಲಿ ದಿಣ್ಣೆಯಂತೆ ಎದ್ದಿದ್ದರೆ ಡಿಸ್ಕ್ ಸವೆದಿದೆ ಎಂದರ್ಥ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಾಕಾಗುತ್ತಿದ್ದ ಬ್ರೇಕು ಘಟ್ಟದ ಕೊನೆಯ ತಿರುವಿನ ಹೊತ್ತಿಗೆ ಕಾದು ಕೈಕೊಡಬಹುದು.

ಇನ್ನು ಗೇರ್‌ಬಾಕ್ಸ್. ಹಳೇ ಜರ್ಮನ್ ಬಳಗದ ಕಾರು ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚು ಹೊತ್ತು ಇದರ ಮೇಲೆ ಕಳೆಯಬೇಕು. ಡಿಎಸ್‌ಜಿ ಎನ್ನುವ ಆಟೊಮ್ಯಾಟಿಕ್‌ನಲ್ಲಿ ಎರಡು ಕ್ಲಚ್ ಇರುತ್ತವೆ. ಒಂದು 1, 3, 5, 7ನೇ ಗೇರುಗಳನ್ನು ನೋಡಿಕೊಂಡರೆ, ಇನ್ನೊಂದು 2, 4, 6 ಮತ್ತು ರಿವರ್ಸ್. ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿರುವುದರಿಂದ ಬದಲಾವಣೆ ಗೊತ್ತೇ ಆಗುವುದಿಲ್ಲ. ಆಕ್ಟೇವಿಯಾ 1.8ರಲ್ಲಿ, ಸ್ಲಾವಿಯಾ ಮತ್ತು ವರ್ಟಸ್‌ನ 1.5 ಆಟೊಮ್ಯಾಟಿಕ್‌ನಲ್ಲಿ ಇರುವುದು ಡಿಕ್ಯೂ200 ಎಂಬ ಏಳು ಗೇರಿನ ಪೆಟ್ಟಿಗೆ. ಇದರ ಕ್ಲಚ್‌ಗಳು ಒಣ ಕ್ಲಚ್, ತಂಪು ಮಾಡಲು ಎಣ್ಣೆ ಇಲ್ಲ. ಲಾರಿಯ ಹಿಂದೆ ಏರಿನಲ್ಲಿ ಹತ್ತು ಕಿ.ಮೀ. ವೇಗದಲ್ಲಿ ತೆವಳುವಾಗ ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತಲೇ ಇರುತ್ತದೆ, ಕಾಯುತ್ತದೆ, ಸವೆಯುತ್ತದೆ. ತೋಟದ ಇಳಿಜಾರಿನಿಂದ ರಿವರ್ಸಿನಲ್ಲಿ ಏರಿ ಬರಬೇಕಾದ ಮನೆಯಾದರೆ ಎರಡನೇ ಕ್ಲಚ್ಚಿಗೆ ದಿನವೂ ಇದೇ ಕೆಲಸ. ಆರ್‌ಎಸ್ ಮಾದರಿಗಳಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಅದು ಈ ಕಾವನ್ನು ತಾಳುತ್ತದೆ, ಆದರೆ ಕಂಪನಿ ಹೇಳಿದ ಅಂತರದಲ್ಲಿ ಗೇರ್ ಎಣ್ಣೆ ಬದಲಿಸಿದ ಬಿಲ್ಲು ಇರಲೇಬೇಕು.

ಪರೀಕ್ಷೆ ಹೀಗೆ ಮಾಡಿ. ಸಮತಟ್ಟಿನಲ್ಲಿ ಆಕ್ಸಲರೇಟರ್ ಮುಟ್ಟದೆ ಬ್ರೇಕ್ ಬಿಟ್ಟರೆ ಕಾರು ನಯವಾಗಿ ಮುಂದೆ ಸರಿಯಬೇಕು. ಒಂದರಿಂದ ಎರಡನೇ ಗೇರಿಗೆ, ಎರಡರಿಂದ ಮೂರಕ್ಕೆ ನಿಧಾನಕ್ಕೆ ಹೋಗುವಾಗ ನಡುಗಿದರೆ ಕ್ಲಚ್ ಮುಗಿಯುತ್ತಾ ಬಂದಿದೆ. ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ, ರಿವರ್ಸಿನಲ್ಲಿ ಏರಿಸಿ. ತಣ್ಣಗಿದ್ದಾಗ ಮುಚ್ಚಿಕೊಳ್ಳುವ ದೋಷಗಳು ಆಗ ಹೊರಬರುತ್ತವೆ. ಗೇರು ಹಾಕಿಸುವ ಮೆಕಟ್ರಾನಿಕ್ ಘಟಕವೇ ಹೋದರೆ ಖರ್ಚು ಲಕ್ಷ ದಾಟುವುದು ಸಾಮಾನ್ಯ. ದಾರಿಯಲ್ಲಿ ನಿಂತರೆ ಹಗ್ಗ ಕಟ್ಟಿ ದೂರ ಎಳೆಯುವಂತಿಲ್ಲ. ಕಾರನ್ನು ಪೂರ್ತಿ ಮೇಲೆ ಹೇರಿಕೊಳ್ಳುವ ಗಾಡಿ ಬರಬೇಕು, ಅದು ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೇ ಸುಮಾರು 70 ಕಿ.ಮೀ. ಬರಬೇಕು. ಹಾಗಾಗಿ ವಿಮೆಯ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯೇ, ಎಷ್ಟು ಕಿ.ಮೀ. ತನಕ ಉಚಿತ ಎಂದು ಓದಿಕೊಳ್ಳಿ. ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಊಹಿಸುವುದು ಕಷ್ಟವಲ್ಲ: ಮ್ಯಾನ್ಯುವಲ್ ಗೇರಿನ ಕಾರು ಸಿಕ್ಕರೆ ಇಡಗುಂದಿಗೆ ಅದೇ ಲೇಸು. ಕ್ಲಚ್ ಬದಲಿಸಲು ಶಿರಸಿಯಲ್ಲೂ ಯಲ್ಲಾಪುರದಲ್ಲೂ ಕೈ ಪಳಗಿದವರಿದ್ದಾರೆ.

ಇಂಥ ಕಾರುಗಳಿಗೆ ಇನ್ನೊಂದು ಅಪಾಯವುಂಟು. ಹುಡುಗರು ಇವನ್ನು "ಟ್ಯೂನ್" ಮಾಡಿಸುತ್ತಾರೆ, ಅಂದರೆ ಎಂಜಿನ್ನಿನ ಕಂಪ್ಯೂಟರಿನಲ್ಲಿ ತಂತ್ರಾಂಶ ಬದಲಿಸಿ ಶಕ್ತಿ ಏರಿಸುತ್ತಾರೆ. ಡಿಕ್ಯೂ200 ಪೆಟ್ಟಿಗೆಯನ್ನು ರೂಪಿಸಿದ್ದು 250 ಎನ್‌ಎಂ ತಿರುಗುಬಲದ ಮಿತಿಗೆ. ಆಕ್ಟೇವಿಯಾ 1.8, ಸ್ಲಾವಿಯಾ 1.5 ಕಾರ್ಖಾನೆಯಿಂದ ಬರುವಾಗಲೇ ಸರಿಯಾಗಿ 250ರಲ್ಲಿವೆ, ಒಂದು ಎನ್‌ಎಂ ಕೂಡ ಉಳಿಸಿಲ್ಲ. ಟ್ಯೂನ್ ಆದ ಕಾರಿನ ಗೇರ್‌ಬಾಕ್ಸ್ ಇಷ್ಟು ದಿನ ಮಿತಿ ಮೀರಿ ದುಡಿದಿದೆ ಎಂದೇ ಲೆಕ್ಕ. ಮಾರುವ ಮೊದಲು ಹಳೇ ತಂತ್ರಾಂಶವನ್ನೇ ಮತ್ತೆ ಹಾಕಿಸಿದ್ದರೂ ಕುರುಹು ಉಳಿದಿರುತ್ತದೆ: ಕಂಪನಿಯದಲ್ಲದ ಏರ್ ಫಿಲ್ಟರ್, ಅಗಲ ಮಾಡಿದ ಸೈಲೆನ್ಸರ್, ಕಿತ್ತು ಮತ್ತೆ ಕೂರಿಸಿದ ಗೀರುಗಳಿರುವ ಕ್ಲಿಪ್ಪುಗಳು. ನೇರವಾಗಿಯೇ ಕೇಳಿ. ಉತ್ತರ ತಡವರಿಸಿದರೆ ಆ ಕಾರು ಬಿಟ್ಟುಬಿಡಿ.

ಎಂಜಿನ್ನಿನ ವಿಷಯದಲ್ಲಿ ಒಂದು ಷರತ್ತು ಬಿಡಬೇಡಿ: ನೀವು ಹೋಗುವ ಹೊತ್ತಿಗೆ ಬಾನೆಟ್ ತಣ್ಣಗಿರಬೇಕು. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. 2008–12ರ ಸುಮಾರಿನ 1.8 ಟಿಎಸ್‌ಐ ಎಂಜಿನ್‌ಗಳಲ್ಲಿ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸೋಲುವುದು, ಎಂಜಿನ್ ಆಯಿಲ್ ಕುಡಿಯುವುದು ಜಗತ್ತಿನಾದ್ಯಂತ ಗೊತ್ತಿರುವ ದೋಷಗಳು. ರಾತ್ರಿಯಿಡೀ ನಿಂತ ಕಾರನ್ನು ಶುರು ಮಾಡಿದ ಮೊದಲ ಕೆಲವು ಕ್ಷಣ ಲೋಹದ ಗಲಗಲ ಸದ್ದು ಬಂದರೆ ಅದೇ ಚೈನು. ಬಿಸಿಯಾದ ಮೇಲೆ ಆ ಸದ್ದು ಇರುವುದಿಲ್ಲ. ಸ್ಕ್ಯಾನರ್ ಇರುವ ಮೆಕ್ಯಾನಿಕ್‌ನನ್ನು ದುಡ್ಡು ಕೊಟ್ಟಾದರೂ ಕರೆದೊಯ್ಯಿರಿ. ಅಳಿಸಿದ ದೋಷಸಂಕೇತಗಳು ಹತ್ತಿಪ್ಪತ್ತು ಕಿ.ಮೀ. ಓಡಿಸಿದ ಮೇಲೆ ಮತ್ತೆ ಮೂಡಬಹುದು, ಆದ್ದರಿಂದ ಓಡಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ನೋಡಿಸಬೇಕು.

ಮಳೆಯ ಹಾನಿ ನಮ್ಮವರಿಗೆ ಹೊಸದಲ್ಲ. 2021ರ ಜುಲೈ ಮಳೆಯಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಕಳಚೆಯಲ್ಲಿ ತೋಟಗಳೇ ಜಾರಿದವು. ಆದರೆ ದುಬಾರಿ ಸೆಡಾನ್‌ಗಳ ಮಟ್ಟಿಗೆ ನೆನಪಿಡಬೇಕಾದದ್ದು ಬೆಂಗಳೂರಿನ 2022ರ ಸೆಪ್ಟೆಂಬರ್. ಯಮಲೂರು, ಸರ್ಜಾಪುರ ರಸ್ತೆ ಕಡೆಯ ಬಡಾವಣೆಗಳಲ್ಲಿ ಐಷಾರಾಮಿ ಕಾರುಗಳು ಮುಳುಗಿ ನಿಂತದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಅಂಥ ಕಾರು ತೊಳೆದು, ಪಾಲಿಶ್ ಆಗಿ, ಮಾರಾಟಕ್ಕೆ ಬಂದಾಗ ಕಂಡುಹಿಡಿಯುವುದು ಹೇಗೆ? ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಸುರುಳಿಯ ಒಳಗೆ ಉಳಿಯುವ ಕೊನೆಯ ಗೇಣುದ್ದವನ್ನು ತೊಳೆಯಲು ಯಾರಿಗೂ ನೆನಪಾಗುವುದಿಲ್ಲ. ಅಲ್ಲಿ ಕಂದು ಗೆರೆ ಇದ್ದರೆ ನೀರು ಅಷ್ಟು ಮೇಲೆ ಬಂದಿತ್ತು. ಸ್ಟೆಪ್ನಿ ಗುಂಡಿಯ ತಳ, ಸೀಟಿನ ಕೆಳಗಿನ ಕಬ್ಬಿಣದ ಹಳಿ, ಡ್ಯಾಶ್‌ಬೋರ್ಡ್ ಕೆಳಗಿನ ಸ್ಕ್ರೂಗಳ ತಲೆಯಲ್ಲಿ ತುಕ್ಕು ನೋಡಿ. ಗಾಜುಗಳ ಮೂಲೆಯಲ್ಲಿ ತಯಾರಿಕೆಯ ವರ್ಷದ ಗುರುತಿರುತ್ತದೆ. ಆರರಲ್ಲಿ ಒಂದು ಮಾತ್ರ ಬೇರೆ ವರ್ಷದ್ದಾದರೆ ಆ ಬದಿಗೆ ಏನಾಗಿತ್ತು ಎಂದು ಕೇಳಿ. ಟೈರಿನ ಮೇಲೆ 2319 ಎಂಬಂತೆ ನಾಲ್ಕು ಅಂಕಿ ಇರುತ್ತದೆ: 2019ನೇ ಇಸವಿಯ 23ನೇ ವಾರ. ಐದಾರು ವರ್ಷ ದಾಟಿದ ಟೈರುಗಳಾದರೆ ನಾಲ್ಕಕ್ಕೂ ಹೊಸ ಟೈರಿನ ದುಡ್ಡನ್ನು ಚೌಕಾಸಿಯಲ್ಲಿ ಕಳೆಯಿರಿ.

ನಮ್ಮ ಕಡೆಯ ಮಳೆಗಾಲದಲ್ಲಿ ಕಾರು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಈಗಲೇ ಯೋಚಿಸಿ. ಸನ್‌ರೂಫ್ ಇರುವ ಕಾರಿನ ನೀರಿಳಿಯುವ ಕೊಳವೆಗಳು ಬೆರಳಿಗಿಂತ ಸಪೂರ. ಮರದಡಿ ನಿಲ್ಲಿಸಿದರೆ ಎಲೆಪುಡಿ ಕಟ್ಟಿಕೊಂಡು ನೀರು ಒಳಗೆ ಇಳಿಯುತ್ತದೆ, ಇಳಿದ ನೀರು ಸೇರುವುದು ಕಾರ್ಪೆಟ್ ಕೆಳಗಿನ ವೈರಿಂಗಿಗೆ. ಇಲಿ, ಅಳಿಲುಗಳ ಕಾಟ ಹೇಳುವುದೇ ಬೇಡ. ನಾಲ್ಕು ಸೆನ್ಸರ್ ಇರುವ ಹಳೇ ಕಾರಿನಲ್ಲಿ ಒಂದು ವೈರು ಕಡಿದರೆ ಸ್ಥಳೀಯ ಎಲೆಕ್ಟ್ರಿಷಿಯನ್ ಜೋಡಿಸಿಕೊಡುತ್ತಾನೆ, ಐವತ್ತು ಸೆನ್ಸರ್ ಇರುವಲ್ಲಿ ಯಾವ ವೈರು ಎಂದು ಹುಡುಕಲೇ ಎರಡು ದಿನ. ಇಂಧನದ ಮಾತೂ ಒಂದಿದೆ: ವಾರಕ್ಕೊಮ್ಮೆ ಪೇಟೆಗೆ ಮಾತ್ರ ಹೊರಡುವ ಮನೆಯವರು ಬಿಎಸ್6 ಡೀಸೆಲ್ ತೆಗೆದುಕೊಳ್ಳಬಾರದು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಉದ್ದದ ಓಟ ಬೇಕು. ಪೆಟ್ರೋಲಿನವರಿಗೆ ಬೇರೆ ಎಚ್ಚರ: ಈಗ ಬಂಕುಗಳಲ್ಲಿ ಬರುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ಗೆ ಮೊದಲಿನ ಕಾರಾದರೆ ಇಂಧನದ ರಬ್ಬರ್ ಪೈಪು, ಸೀಲುಗಳನ್ನು ಪರೀಕ್ಷಿಸಿ.

ಯಾವುದನ್ನು ಕೊಳ್ಳುವುದು? ಅಭಿಮಾನಿಗಳ ಕಣ್ಣು ಆಕ್ಟೇವಿಯಾ ಆರ್‌ಎಸ್ ಮೇಲೆ. 2017ರಲ್ಲಿ 230 ಪಿಎಸ್‌ನದ್ದು 24.62 ಲಕ್ಷಕ್ಕೆ ಬಂತು. 2020ರಲ್ಲಿ ಬಂದ 245 ಪಿಎಸ್‌ನ ಕಾರುಗಳು 200 ಮಾತ್ರ, ಬೆಲೆ 35.99 ಲಕ್ಷ. 2025ರ ಅಕ್ಟೋಬರ್‌ನಲ್ಲಿ 265 ಪಿಎಸ್‌ನ ಹೊಸದು 49.99 ಲಕ್ಷಕ್ಕೆ, ಬರೀ 100 ಕಾರು. ಕಡಿಮೆ ಇರುವುದರಿಂದ ಇವುಗಳ ಬೆಲೆ ಬೇಗ ಇಳಿಯದು, ಆದರೆ ಬಂಪರ್ ಒಡೆದರೆ ಬದಲಿ ಬರುವ ತನಕ ಕಾಯಬೇಕು. ಬೆಂಗಳೂರಿನಲ್ಲೇ ಇದ್ದು ಹಬ್ಬಕ್ಕೆ ಊರಿಗೆ ಬರುವವರಿಗೆ ಸರಿ. ಇಡಗುಂದಿಯಲ್ಲೇ ಇದ್ದು ಓಡಿಸುವವರಿಗೆ ನಾನು ಹೇಳುವುದು 2022ರಲ್ಲಿ ಬಂದ ಸ್ಲಾವಿಯಾ ಅಥವಾ ವರ್ಟಸ್‌ನ 1.5 ಟಿಎಸ್‌ಐ, 150 ಪಿಎಸ್‌ನದ್ದು, ವಾರಂಟಿ ಇನ್ನೂ ಉಳಿದಿರುವುದು. 2023ರ ಹ್ಯುಂಡೈ ವೆರ್ನಾ ಟರ್ಬೊ, 160 ಪಿಎಸ್, ಕೂಡ ಇದೇ ಸಾಲಿನದು. ಇವಕ್ಕೆ ಬಿಡಿಭಾಗ ಹುಬ್ಬಳ್ಳಿಯಲ್ಲಿ ಸಿಗುತ್ತದೆ. ಬೆಲೆ ಮಾತಾಡುವಾಗ ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ ಈ ವರ್ಗದ ಹೊಸ ಕಾರುಗಳಿಗೆ ಸೆಸ್ ಹೋಗಿ ಶೇ 40 ಮಾತ್ರ ಉಳಿದಿದೆ, ಹೊಸದರ ಬೆಲೆ ತಗ್ಗಿದೆ. ಮಾರುವವರು ತಾವು ಅಂದು ಕೊಟ್ಟ ಬೆಲೆಯಿಂದ ಲೆಕ್ಕ ಹಿಡಿಯುತ್ತಾರೆ, ನೀವು ಇಂದಿನ ಹೊಸ ಕಾರಿನ ಬೆಲೆಯಿಂದ ಹಿಡಿಯಿರಿ.

ಕಾಗದಪತ್ರ. ಕರ್ನಾಟಕದೊಳಗಿನ ಕಾರಾದರೆ ಸುಲಭ: ಫಾರಂ 29 ಮತ್ತು 30, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35. ಬೆಂಗಳೂರಿನ ನಂಬರೇ ಮುಂದುವರಿಯುತ್ತದೆ, ಕೆಎ-31 ಬೇಕೆಂದಿಲ್ಲ. ಹೊರರಾಜ್ಯದ ಕಾರು ಅಗ್ಗ ಎಂದು ಮರುಳಾಗಬೇಡಿ. ದೆಹಲಿ ಸುತ್ತ 10 ವರ್ಷ ದಾಟಿದ ಡೀಸೆಲ್ ಕಾರುಗಳಿಗೆ ಬಿದ್ದ ನಿರ್ಬಂಧದಿಂದ ಎಷ್ಟೋ ಗಾಡಿಗಳು ದಕ್ಷಿಣಕ್ಕೆ ಬಂದಿವೆ. ಅಲ್ಲಿಂದ ಫಾರಂ 28ರ ಎನ್‌ಒಸಿ ತರಬೇಕು, 12 ತಿಂಗಳೊಳಗೆ ಇಲ್ಲಿ ನೋಂದಾಯಿಸಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಹೊಸ ಕಾರಿಗೆ ಅದು ಬೆಲೆಯ ಶೇ 13ರಿಂದ 18, ಮೇಲೆ ಸೆಸ್. ಹಳೆಯದಕ್ಕೆ ವಯಸ್ಸಿನ ಪ್ರಕಾರ ಕಡಿತ. ಅದನ್ನು ಶಿರಸಿ ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿ, ಬೆಲೆಗೆ ಸೇರಿಸಿ, ಆಮೇಲೆ ಅಗ್ಗವೋ ಅಲ್ಲವೋ ನೋಡಿ.

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು. ತಡ ಮಾಡಿದರೆ ನಿಮ್ಮ ಕಾರಿಗೆ ಆದ ಹಾನಿಯ ಪರಿಹಾರ ಕಂಪನಿ ನಿರಾಕರಿಸಬಹುದು. ಹಳೇ ಯಜಮಾನನ ನೋ ಕ್ಲೇಮ್ ಬೋನಸ್ ಅವನದು, ನಿಮಗೆ ಬಾರದು, ಹಾಗಾಗಿ ಕಂತು ಏರುತ್ತದೆ. ನೀರು ಹೊಕ್ಕು ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿ ಪರಿಹಾರ ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆಯನ್ನು ಈ ಜಿಲ್ಲೆಯಲ್ಲಿ ಯಾರೂ ಬಿಡಬಾರದು.

ಕಾರು ಕೈಗೆ ಬರುವ ದಿನ ಡೆಲಿವರಿ ನೋಟ್ ಬರೆಸಿ, ಅದರಲ್ಲಿ ದಿನಾಂಕದ ಜೊತೆ ಗಂಟೆ ನಿಮಿಷವನ್ನೂ ಹಾಕಿಸಿ ಇಬ್ಬರೂ ಸಹಿ ಮಾಡಿ. ಅದಕ್ಕೆ ಮೊದಲಿನ ದಂಡ, ಅಪಘಾತ ಮಾರಿದವರಿಗೆ, ಆಮೇಲಿನದು ನಿಮಗೆ ಎಂದೂ ಬರೆಸಿ. ಮುಂಗಡ ಕೊಡುವುದಾದರೆ ಚೀಟಿಯಲ್ಲಿ ಒಂದು ಸಾಲು ಸೇರಿಸಿ: ಹುಬ್ಬಳ್ಳಿಯ ಸರ್ವಿಸ್ ಸೆಂಟರಿನಲ್ಲಿ ಪರೀಕ್ಷೆ ಮಾಡಿಸಿದಾಗ ಹೇಳದ ದೊಡ್ಡ ದೋಷ ಕಂಡರೆ ಮುಂಗಡ ವಾಪಸ್. ಒಳ್ಳೆಯ ಕಾರು ಮಾರುವವರು ಆ ಸಾಲಿಗೆ ಸಹಿ ಹಾಕುತ್ತಾರೆ.